ಒಮ್ಮೆ ಕೊಟ್ಟ ಹತ್ತು ರೂಪಾಯಿ

ಮೊಬೈಲ್ ಆ್ಯಪ್‌ಗೆ ದುಡ್ಡು ಕೊಡಬೇಕೇ ಎಂಬ ಮಾತು ಬಂದಾಗಲೆಲ್ಲ ಎರಡು ವಾದ ಕೇಳಿಸುತ್ತವೆ. ಚಿಲ್ಲರೆ ಬೆಲೆಯನ್ನಾದರೂ ಇಟ್ಟರೆ ಆ್ಯಪ್ ಚೆನ್ನಾಗಿರುತ್ತದೆ, ಮಾಡಿದವರ ಹೊಟ್ಟೆಯೂ ತುಂಬುತ್ತದೆ ಎನ್ನುವುದು ಒಂದು. ಪುಕ್ಕಟೆ ಸಿಗುವಾಗ ಯಾರು ಕೊಡುತ್ತಾರೆ ಬಿಡಿ ಎನ್ನುವುದು ಇನ್ನೊಂದು. 2008ರಿಂದ ಈಚೆಗೆ ಈ ವ್ಯಾಪಾರ ನಡೆದುಬಂದ ಬಗೆಯನ್ನು ನೋಡಿದರೆ ಎರಡೂ ಅರ್ಧ ಸತ್ಯ ಅನ್ನಿಸುತ್ತದೆ. ಬೆಲೆ ಸಣ್ಣದಾಗಿದ್ದರಿಂದ ಅಂಥ ಅನಾಹುತವೇನೂ ಆಗಲಿಲ್ಲ. ಗಿರಾಕಿ ವಸ್ತುವನ್ನು ಮುಟ್ಟಿ ನೋಡುವ ಮೊದಲೇ ಬಾಗಿಲಲ್ಲಿ ಒಂದೇ ಸಲ ಆ ಸಣ್ಣ ಬೆಲೆ ವಸೂಲಿ ಮಾಡಿ, ಆಮೇಲೆ ಜೀವಮಾನವಿಡೀ ದುರಸ್ತಿ ಮಾಡಿಕೊಡುತ್ತೇವೆ ಎಂದು ಒಪ್ಪಿಕೊಂಡರಲ್ಲ, ಆ ಕರಾರೇ ಗುಣಮಟ್ಟವನ್ನೂ ಡೆವಲಪರ್‌ಗಳ ಆದಾಯವನ್ನೂ ಹಾಳುಮಾಡಿತು.

ಆ್ಯಪಲ್ ಕಂಪನಿ 2008ರ ಜುಲೈ 10ರಂದು ಆ್ಯಪ್ ಸ್ಟೋರ್ ತೆರೆದಾಗ ಅಲ್ಲಿದ್ದದ್ದು ಸುಮಾರು 500 ಆ್ಯಪ್. ಬೆಲೆ ಎಷ್ಟಿಡಬೇಕು ಎನ್ನುವುದು ಮಾಡಿದವರಿಗೆ ಬಿಟ್ಟದ್ದು. ಬಂದ ದುಡ್ಡಿನಲ್ಲಿ ನೂರಕ್ಕೆ 30 ಕಂಪನಿಗೆ, 70 ಮಾಡಿದವರಿಗೆ. ಸಿ.ಡಿ. ಅಚ್ಚು ಹಾಕಿಸಿ, ಡಬ್ಬಕ್ಕೆ ತುಂಬಿಸಿ, ವಿತರಕರ ಹಿಂದೆ ಅಲೆದು ಸಾಫ್ಟ್‌ವೇರ್ ಮಾರಿ ಗೊತ್ತಿದ್ದವರಿಗೆ ಈ 70 ದೊಡ್ಡ ಪಾಲಾಗಿಯೇ ಕಂಡಿತು. ಸ್ಟೀವ್ ಡಿಮೀಟರ್ ಎಂಬ ಪ್ರೋಗ್ರಾಮರ್ ಬಿಡುವಿನ ವೇಳೆಯಲ್ಲಿ ಬರೆದ 'ಟ್ರಿಸ್ಮ್' ಎಂಬ ಆಟವನ್ನು 4.99 ಡಾಲರಿಗೆ ಮಾರಿ ಎರಡು ತಿಂಗಳಲ್ಲಿ ಎರಡೂವರೆ ಲಕ್ಷ ಡಾಲರ್ ಗಳಿಸಿದ ಸುದ್ದಿ ಹಬ್ಬಿದ್ದೇ ತಡ, ಕೆಲಸ ಬಿಟ್ಟು ಆ್ಯಪ್ ಬರೆಯಲು ಕೂತವರಿಗೆ ಲೆಕ್ಕವಿಲ್ಲ. ಅದೇ ಆಗಸ್ಟಿನಲ್ಲಿ 'ಐ ಆ್ಯಮ್ ರಿಚ್' ಎಂಬ ಆ್ಯಪ್ ಬಂತು. ತೆರೆದರೆ ಪರದೆಯ ಮೇಲೆ ಒಂದು ಕೆಂಪು ಹರಳು ಹೊಳೆಯುತ್ತದೆ, ಅಷ್ಟೆ. ಬೆಲೆ 999.99 ಡಾಲರ್! ಆ್ಯಪಲ್ ಅದನ್ನು ತೆಗೆದುಹಾಕುವಷ್ಟರಲ್ಲಿ ಎಂಟು ಜನ ಕೊಂಡಿದ್ದರು. ಬೆಲೆ ಜಾಸ್ತಿಯಾದರೆ ಗುಣಮಟ್ಟವೂ ಜಾಸ್ತಿ ಎಂದು ನಂಬುವವರಿಗೆ ಆರಂಭದಲ್ಲೇ ಸಿಕ್ಕ ಉತ್ತರ ಅದು.

ಬೆಲೆ ಅಲ್ಲಿಂದ ಜಾರಿ 99 ಸೆಂಟಿಗೆ ಬಂದು ನಿಂತದ್ದು ಗಿರಾಕಿಗಳ ಜಿಪುಣತನದಿಂದ ಎಂದು ಹೇಳುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಅಂಗಡಿಯ ಮುಂಭಾಗದಲ್ಲಿ ಯಾವುದನ್ನು ಜೋಡಿಸಬೇಕು ಎಂಬುದಕ್ಕೆ ಆ್ಯಪಲ್ ಇಟ್ಟುಕೊಂಡ ಅಳತೆಯೇ ಅದಕ್ಕೆ ಕಾರಣ. ಜನಪ್ರಿಯ ಆ್ಯಪ್‌ಗಳ ಪಟ್ಟಿಯಲ್ಲಿ ಸ್ಥಾನ ಸಿಗುತ್ತಿದ್ದದ್ದು ಎಷ್ಟು ಸಲ ಇಳಿಸಿಕೊಂಡರು ಎಂಬುದರ ಮೇಲೆ, ಎಷ್ಟು ದುಡ್ಡು ಬಂತು ಎಂಬುದರ ಮೇಲಲ್ಲ. ಹತ್ತು ಡಾಲರಿಗೆ ಸಾವಿರ ಪ್ರತಿ ಮಾರಿದವರು ಕೆಳಗೆ, ಒಂದು ಡಾಲರಿಗೆ ಐದು ಸಾವಿರ ಮಾರಿದವರು ಮೇಲೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ್ಯಪ್ ಇದೆ ಎಂಬುದೇ ಯಾರಿಗೂ ತಿಳಿಯದು. ಹಾಗಾಗಿ ಎಲ್ಲರೂ ಬೆಲೆ ಇಳಿಸಿದರು. ಐಕಾನ್‌ಫ್ಯಾಕ್ಟರಿ ಎಂಬ ಸಾಫ್ಟ್‌ವೇರ್ ಕಂಪನಿಯ ಕ್ರೇಗ್ ಹಾಕನ್‌ಬೆರಿ 2008ರ ಡಿಸೆಂಬರಿನಲ್ಲಿ ಸ್ಟೀವ್ ಜಾಬ್ಸ್‌ಗೆ ಒಂದು ಬಹಿರಂಗ ಪತ್ರ ಬರೆದು, ಈ ಬೆಲೆಯಲ್ಲಿ ರಿಂಗ್‌ಟೋನಿನಂಥ ಚಿಲ್ಲರೆ ಆ್ಯಪ್ ಮಾಡಬಹುದೇ ಹೊರತು ತಿಂಗಳುಗಟ್ಟಲೆ ಕೆಲಸ ಬೇಡುವ ಏನನ್ನೂ ಕೈಗೆತ್ತಿಕೊಳ್ಳಲು ಆಗುವುದಿಲ್ಲ ಎಂದು ದೂರಿದರು. ಅದೇ ತಿಂಗಳು ಹೂಸಿನ ಸದ್ದು ಮಾಡುವ 99 ಸೆಂಟಿನ ಆ್ಯಪೊಂದು ಪಟ್ಟಿಯ ತುದಿಗೇರಿತು. ಪತ್ರಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಕೆಲಸಕ್ಕೂ ಕೂಲಿಗೂ ತಾಳೆ ತಪ್ಪಿದ್ದು ಹೇಗೆಂದು ನೋಡಲು 'ಟ್ವೀಟಿ'ಯ ಕಥೆ ಸಾಕು. ಟ್ವಿಟರ್ ಓದಲು ಲಾರೆನ್ ಬ್ರಿಕ್ಟರ್ ಒಬ್ಬರೇ ಕೂತು ಬರೆದ ಆ್ಯಪ್ ಅದು. ಬೆಲೆ 2.99 ಡಾಲರ್. ಪರದೆಯನ್ನು ಬೆರಳಲ್ಲಿ ಕೆಳಗೆಳೆದು ಬಿಟ್ಟರೆ ಹೊಸ ವಿಷಯ ಬರುತ್ತದಲ್ಲ, ಇವತ್ತು ಬ್ಯಾಂಕಿನ ಆ್ಯಪ್‌ನಿಂದ ಹಿಡಿದು ಬಸ್ಸಿನ ಆ್ಯಪ್‌ವರೆಗೆ ಎಲ್ಲೆಲ್ಲೂ ಇರುವ ಆ ಚಲನೆ ಮೊದಲು ಬಂದದ್ದು ಟ್ವೀಟಿಯಲ್ಲೇ. 2009ರ ಅಕ್ಟೋಬರಿನಲ್ಲಿ ಬ್ರಿಕ್ಟರ್ ಎಲ್ಲವನ್ನೂ ಹೊಸದಾಗಿ ಬರೆದು ಟ್ವೀಟಿ 2 ತಂದರು. ಹಳೆಯ ಗಿರಾಕಿಗಳಿಗೆ ಕಡಿಮೆ ಬೆಲೆಗೆ ಹೊಸ ಆವೃತ್ತಿ ಕೊಡುವ ಏರ್ಪಾಡು ಆ್ಯಪ್ ಸ್ಟೋರಿನಲ್ಲಿ ಇರಲಿಲ್ಲ. ಒಂದೋ ಪುಕ್ಕಟೆ ಕೊಡಬೇಕು, ಇಲ್ಲವೇ ಬೇರೆಯೇ ಆ್ಯಪ್ ಎಂದು ಮಾರಬೇಕು. ಬ್ರಿಕ್ಟರ್ ಎರಡನೆಯದನ್ನು ಆರಿಸಿಕೊಂಡು ಮತ್ತೆ 2.99 ಡಾಲರ್ ಕೇಳಿದರು. ಜನ ರೇಗಿದರು: ಹೋದ ವರ್ಷ ತಾನೇ ಕೊಟ್ಟಿದ್ದೇವಲ್ಲ, ಮತ್ತೆ ಯಾಕೆ? ಮೂರು ಡಾಲರಿಗೆ ಅವರು ಕೊಂಡದ್ದು ಅವತ್ತು ಇದ್ದ ಆ್ಯಪ್ ಮಾತ್ರ ಎಂಬ ತಿಳಿವಳಿಕೆಯೇ ಅವರಿಗಿರಲಿಲ್ಲ. ಅಂಗಡಿಯೂ ಅದನ್ನು ಹೇಳಿಕೊಟ್ಟಿರಲಿಲ್ಲ. ಕೆಲವೇ ತಿಂಗಳಲ್ಲಿ, 2010ರ ಏಪ್ರಿಲಿನಲ್ಲಿ, ಟ್ವಿಟರ್ ಕಂಪನಿಯೇ ಟ್ವೀಟಿಯನ್ನು ಕೊಂಡು ಪುಕ್ಕಟೆ ಮಾಡಿತು.

ಹಾಗೆ ಕೊಳ್ಳುವವರು ಸಿಗದ ಆ್ಯಪ್‌ಗಳ ಪಾಡು 2017ರಲ್ಲಿ ಬಯಲಾಯಿತು. ಆ ಸೆಪ್ಟೆಂಬರಿನಲ್ಲಿ ಬಂದ ಐಒಎಸ್ 11 ಹಳೆಯ 32 ಬಿಟ್ ಆ್ಯಪ್‌ಗಳನ್ನು ತೆರೆಯಲೇ ಒಲ್ಲೆನೆಂದಿತು. ಅವನ್ನು 64 ಬಿಟ್ಟಿಗೆ ಹೊಂದಿಸಿದ್ದರೆ ಸಾಕಿತ್ತು. ಆದರೆ ಏಳೆಂಟು ವರ್ಷದ ಹಿಂದೆ ಒಂದು ಡಾಲರ್ ಕೊಟ್ಟು ಹೋದವರಿಗಾಗಿ ಈಗ ವಾರಗಟ್ಟಲೆ ಕೂತು ಆ ಕೆಲಸ ಮಾಡುವವರು ಯಾರು? ಚೆಂದದ ಆಟಗಳು, ಸಣ್ಣಪುಟ್ಟ ಸಂಗೀತದ ಸಾಧನಗಳು, ಮಕ್ಕಳ ಕಥೆ ಪುಸ್ತಕಗಳು ಸಾಲುಸಾಲಾಗಿ ಸತ್ತವು. ಗುಣಮಟ್ಟ ಎಂದಾಗ ನಾವು ಇಳಿಸಿಕೊಂಡ ದಿನದ ಅಂದಚೆಂದವನ್ನಷ್ಟೇ ನೋಡುತ್ತೇವೆ. ಆ್ಯಪ್‌ನ ನಿಜವಾದ ಗುಣಮಟ್ಟ ಮೂರನೇ ವರ್ಷ ಅದು ತೆರೆದುಕೊಳ್ಳುತ್ತದೋ ಇಲ್ಲವೋ ಎಂಬುದರಲ್ಲಿದೆ.

ಡೆವಲಪರ್‌ಗಳ ಬಾಯಲ್ಲಿ ಆಗಿನಿಂದಲೂ ಇರುವ ಒಂದು ಅಳಲು ಕಾಫಿಯದು. ಒಂದು ಲೋಟ ಕಾಫಿಗೆ ಕೊಡುವ ದುಡ್ಡನ್ನು ವರ್ಷಗಟ್ಟಲೆ ಬಳಸುವ ಆ್ಯಪ್‌ಗೆ ಕೊಡಲು ಅಳುತ್ತಾರಲ್ಲ ಎಂದು. ಬೆಂಗಳೂರಿನ ದರ್ಶಿನಿಯ ಮುಂದೆ ನಿಂತು ಯೋಚಿಸಿದರೆ ಈ ವಾದದ ತೂತು ಕಾಣುತ್ತದೆ. ಕಾಫಿ ಹೇಗಿರುತ್ತದೆಂದು ನನಗೆ ಮೊದಲೇ ಗೊತ್ತು. ನಿನ್ನೆ ಕುಡಿದಿದ್ದೇನೆ, ಪಕ್ಕದವರು ಕುಡಿಯುವುದನ್ನು ನೋಡುತ್ತಿದ್ದೇನೆ. ಆ್ಯಪ್‌ನದು ನಾಲ್ಕು ಚಿತ್ರ, ಯಾರೋ ಬರೆದ ಹೊಗಳಿಕೆ. ಅದಕ್ಕಿಂತ ಮುಖ್ಯವಾಗಿ, ಕಾಫಿಗೆ ನಾಳೆ ಮತ್ತೆ ಕೊಡುತ್ತೇನೆ, ನಾಡಿದ್ದು ಮತ್ತೆ. ಇವತ್ತು 15 ರೂಪಾಯಿ ಕೊಟ್ಟಿದ್ದೇನೆ, ಇನ್ನು ಸಾಯುವವರೆಗೆ ಕಾಫಿ ಕೊಡುತ್ತಿರಿ ಎಂದರೆ ಆ ದರ್ಶಿನಿ ವಾರಕ್ಕೆ ಮುಚ್ಚುತ್ತದೆ. ಕಾಫಿಯ ಬೆಲೆಯನ್ನು ನೋಡಿದವರು ಅದರ ವಸೂಲಿ ಕ್ರಮವನ್ನು ನೋಡಲಿಲ್ಲ.

ಇನ್ನು ಸೊನ್ನೆ ಮತ್ತು ಒಂದರ ನಡುವಿನ ಕಂದಕ. ಕ್ರಿಸ್ಟಿನಾ ಶಂಪಾನಿಯರ್, ನೀನಾ ಮಜಾರ್, ಡಾನ್ ಏರಿಯಲಿ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಮತ್ತೆಮತ್ತೆ ನೆನಪಾಗುತ್ತದೆ. ಒಳ್ಳೆಯ ಚಾಕೊಲೇಟಿಗೆ 15 ಸೆಂಟ್, ಸಾಧಾರಣದ್ದಕ್ಕೆ 1 ಸೆಂಟ್ ಇಟ್ಟಾಗ ಕೊಂಡವರಲ್ಲಿ ಹೆಚ್ಚಿನವರು ಒಳ್ಳೆಯದನ್ನೇ ಆರಿಸಿದರು. ಎರಡರ ಬೆಲೆಯನ್ನೂ ಒಂದೊಂದು ಸೆಂಟ್ ಇಳಿಸಿ 14 ಮತ್ತು ಸೊನ್ನೆ ಮಾಡಿದ ಕೂಡಲೇ ಜನ ಸಾಧಾರಣ ಚಾಕೊಲೇಟಿನ ಕಡೆ ಮುಗಿಬಿದ್ದರು. ವ್ಯತ್ಯಾಸ ಅದೇ 14 ಸೆಂಟ್, ಬುದ್ಧಿ ಮಾತ್ರ ಬೇರೆ. ಇದರಿಂದ ನಾನು ತೆಗೆಯುವ ತೀರ್ಮಾನ ಸ್ವಲ್ಪ ಕಠೋರವಾದದ್ದು. ದುಡ್ಡು ಕೇಳಿದ ಕ್ಷಣವೇ ಹೆಚ್ಚಿನವರು ಎದ್ದು ಹೋಗುತ್ತಾರೆ. ಒಂದು ರೂಪಾಯಿ ಕೇಳಿದರೂ ಹೋಗುತ್ತಾರೆ, ನೂರು ಕೇಳಿದರೂ ಹೋಗುತ್ತಾರೆ. ಹಾಗಿದ್ದಮೇಲೆ ಉಳಿದ ಕೆಲವರ ಹತ್ತಿರ ಹತ್ತೇ ರೂಪಾಯಿ ಕೇಳುವುದು ಔದಾರ್ಯವಲ್ಲ, ಪೆದ್ದುತನ.

ನಮ್ಮಲ್ಲಿ ಈ ಪೆದ್ದುತನಕ್ಕೆ ಅಧಿಕೃತ ಮುದ್ರೆಯೂ ಬಿತ್ತು. ಭಾರತದಲ್ಲಿ ಗೂಗಲ್ ಪ್ಲೇ ಸ್ಟೋರಿನಲ್ಲಿ ಆ್ಯಪ್‌ಗೆ ಇಡಬಹುದಾದ ಕನಿಷ್ಠ ಬೆಲೆ 50 ರೂಪಾಯಿ ಇದ್ದದ್ದು 2015ರಲ್ಲಿ 10 ರೂಪಾಯಿಗೆ ಇಳಿಯಿತು. ಬಡ ದೇಶಕ್ಕೆ ಅಗ್ಗದ ಬೆಲೆ ಎಂದು ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಲೆಕ್ಕ ಹಾಕೋಣ. ಆಗಿನ ಶೇಕಡ 30ರ ಕಮಿಷನ್ ಹೋದರೆ ಮಾಡಿದವರಿಗೆ ಉಳಿಯುವುದು 7 ರೂಪಾಯಿ, ಅದೂ ತೆರಿಗೆಗೆ ಮುಂಚೆ. ತಿಂಗಳಿಗೆ 50,000 ರೂಪಾಯಿ ಬರಬೇಕಾದರೆ 7,143 ಜನ ಕೊಳ್ಳಬೇಕು. ಮುಂದಿನ ತಿಂಗಳು ಇನ್ನೂ 7,143 ಜನ, ಅದೂ ಹೊಸಬರು. ಹಳಬರು ಮತ್ತೆ ಕೊಡುವುದಿಲ್ಲ. ಆದರೆ ಅವರೆಲ್ಲರ ಫೋನ್ ಕೆಟ್ಟಾಗ, ಹೊಸ ಆಂಡ್ರಾಯ್ಡ್ ಬಂದಾಗ, ಅಕ್ಷರ ಒಡೆದು ಕಂಡಾಗ ದೂರು ಬರುವುದು ಈ ಒಬ್ಬರ ಹತ್ತಿರವೇ. ವರ್ಷದ ಕೊನೆಗೆ 85,000 ಜನರ ದೂರು ಕೇಳುವ ಹೊಣೆ, ಹನ್ನೆರಡು ತಿಂಗಳ ಸಾಧಾರಣ ಸಂಬಳ. 2021ರಲ್ಲಿ ಆ್ಯಪಲ್, ಗೂಗಲ್ ಎರಡೂ ಸಣ್ಣ ಡೆವಲಪರ್‌ಗಳಿಗೆ ಕಮಿಷನ್ನನ್ನು ಶೇಕಡ 15ಕ್ಕೆ ಇಳಿಸಿದವು. 7 ರೂಪಾಯಿ 8.50 ಆಯಿತು. ಕಮಿಷನ್ ಬಗ್ಗೆ ಇಷ್ಟು ವರ್ಷ ನಡೆದ ಜಗಳ ನ್ಯಾಯವಾದದ್ದೇ. ಆದರೆ ಹತ್ತು ರೂಪಾಯಿಯ ಆ್ಯಪ್ ಮಾಡುವವರನ್ನು ಆ ಒಂದೂವರೆ ರೂಪಾಯಿ ಉಳಿಸುವುದಿಲ್ಲ.

ಒಂದೇ ಸಲದ ಬೆಲೆಯಲ್ಲೂ ಗೆದ್ದವರಿಲ್ಲವೇ ಎಂದರೆ, ಇದ್ದಾರೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಿಂದ ಬರುವ ಚಿತ್ರಕಾರರ ಆ್ಯಪ್ 'ಪ್ರೊಕ್ರಿಯೇಟ್' 2011ರಿಂದ ಚಂದಾ ಇಲ್ಲದೆ, ಒಮ್ಮೆ ಕೊಂಡವರಿಗೆ ಹೊಸತನ್ನೆಲ್ಲ ಕೊಡುತ್ತಲೇ ನಡೆದಿದೆ. ಅದರ ಬೆಲೆ ಚಿಲ್ಲರೆಯಲ್ಲ, ಮತ್ತು ಪ್ರತಿ ವರ್ಷ ಹೊಸ ಐಪ್ಯಾಡ್ ಕೊಳ್ಳುವ ಹೊಸ ಚಿತ್ರಕಾರರು ಅದಕ್ಕೆ ಸಿಗುತ್ತಲೇ ಇರುತ್ತಾರೆ. ಕನ್ನಡದ ನಿಘಂಟಿನ ಆ್ಯಪ್‌ಗೆ ಆ ಅದೃಷ್ಟವಿಲ್ಲ.

ಸಣ್ಣ ಬೆಲೆಯ ಪರವಾಗಿ ಹೇಳಬಹುದಾದ ಅತ್ಯುತ್ತಮ ಸಾಕ್ಷಿ 'ಮಾನ್ಯುಮೆಂಟ್ ವ್ಯಾಲಿ'. ಲಂಡನ್ನಿನ ಅಸ್‌ಟೂ ಎಂಬ ಸಂಸ್ಥೆ 2014ರ ಏಪ್ರಿಲಿನಲ್ಲಿ ತಂದ ಈ ಆಟ ಕಣ್ಣಿಗೆ ಮೋಸ ಮಾಡುವ ಕಟ್ಟಡಗಳ ಲೋಕ. ಬಿಳಿ ಉಡುಪಿನ ಪುಟ್ಟ ರಾಜಕುಮಾರಿ ನಡೆಯುತ್ತಾಳೆ. ನೀವು ಗೋಪುರವನ್ನು ತಿರುಗಿಸಿದರೆ ಎಲ್ಲಿಯೋ ಇದ್ದ ಮೆಟ್ಟಿಲು ಇನ್ನೆಲ್ಲಿಯೋ ಕೂಡಿಕೊಂಡು ದಾರಿಯಾಗುತ್ತದೆ. ಹತ್ತು ಅಧ್ಯಾಯ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ನಡುವೆ ಜಾಹೀರಾತಿಲ್ಲ, ಚಿನ್ನದ ನಾಣ್ಯ ಕೊಳ್ಳಿ ಎಂಬ ಪೀಡೆಯಿಲ್ಲ, ನಾಳೆ ಮತ್ತೆ ಬನ್ನಿ ಎಂಬ ಆಮಿಷವಿಲ್ಲ. ಬೆಲೆ 3.99 ಡಾಲರ್. ಇಂಥ ಆಟವನ್ನು ಪುಕ್ಕಟೆ ಮಾದರಿಯಲ್ಲಿ ಮಾಡಲು ಬರುವುದೇ ಇಲ್ಲ. ಮೌನವಾಗಿ ಸಾಗಬೇಕಾದ ಕಥೆಯನ್ನು ಪ್ರತಿ ಎರಡು ನಿಮಿಷಕ್ಕೊಮ್ಮೆ ಕಡಿಯಬೇಕಾಗುತ್ತಿತ್ತು. ಬೆಲೆಯ ರೀತಿ ಕೃತಿಯ ಆಕಾರವನ್ನೇ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಅಸ್‌ಟೂದವರು 2015ರ ಜನವರಿಯಲ್ಲಿ ತಮ್ಮ ಲೆಕ್ಕಪತ್ರವನ್ನೇ ಜಗತ್ತಿನ ಮುಂದೆ ಇಟ್ಟರು. ಮೊದಲ ಆಟ ಕಟ್ಟಲು ತಗುಲಿದ್ದು 8.52 ಲಕ್ಷ ಡಾಲರ್, ಒಟ್ಟು ಬಂದದ್ದು ಸುಮಾರು 58 ಲಕ್ಷ. ಲಾಭವೇ. ಅದೇ ಲೆಕ್ಕದಲ್ಲಿ ಇನ್ನೊಂದು ಸಾಲೂ ಇತ್ತು. ಆಂಡ್ರಾಯ್ಡ್ ಫೋನುಗಳಲ್ಲಿ ಕೂತಿದ್ದ ಪ್ರತಿಗಳಲ್ಲಿ ದುಡ್ಡು ಕೊಟ್ಟು ಕೊಂಡದ್ದು ನೂರಕ್ಕೆ 5 ಮಾತ್ರ, ಐಫೋನಿನಲ್ಲಿ 40. ಉಳಿದದ್ದೆಲ್ಲ ಕಳ್ಳತನವಲ್ಲ, ಒಬ್ಬರೇ ಎರಡು ಸಾಧನದಲ್ಲಿ ಹಾಕಿಕೊಂಡದ್ದೂ ಅದರಲ್ಲಿ ಸೇರಿದೆ. ಆದರೂ ಆ 5 ಎಂಬ ಅಂಕಿ ಆಂಡ್ರಾಯ್ಡ್ ಡೆವಲಪರ್‌ಗಳಿಗೆ ಬೇಕಾದ ಪಾಠ ಕಲಿಸಿತು. 2015ರಲ್ಲಿ ಐಫೋನಿನಲ್ಲಿ ಬೆಲೆ ಇಟ್ಟು ಮಾರಿದ 'ಆಲ್ಟೋಸ್ ಅಡ್ವೆಂಚರ್' ಮರುವರ್ಷ ಆಂಡ್ರಾಯ್ಡಿಗೆ ಬಂದಾಗ ಪುಕ್ಕಟೆಯಾಗಿ, ಜಾಹೀರಾತಿನ ಜೊತೆಗೇ ಬಂತು.

ಗಿರಾಕಿಗಳ ಮನಸ್ಸು ಬೆಲೆಗೆ ಎಷ್ಟು ಬೇಗ ಒಗ್ಗಿ ಹೋಗುತ್ತದೆ ಎಂಬುದೂ ಮಾನ್ಯುಮೆಂಟ್ ವ್ಯಾಲಿಯಲ್ಲೇ ಕಂಡಿತು. 2014ರ ನವೆಂಬರಿನಲ್ಲಿ ಎಂಟು ಹೊಸ ಅಧ್ಯಾಯ ಸೇರಿಸಿ ಅದಕ್ಕೆ 1.99 ಡಾಲರ್ ಕೇಳಿದಾಗ ಒಂದು ನಕ್ಷತ್ರದ ವಿಮರ್ಶೆಗಳ ಸುರಿಮಳೆಯಾಯಿತು. ತಿಂಗಳುಗಟ್ಟಲೆ ಕೂತು ಬರೆದ ಹೊಸ ಅಧ್ಯಾಯಗಳು ತಮಗೆ ಹಕ್ಕಿನಿಂದ ಸಿಗಬೇಕಾದದ್ದು ಎಂದು ಕೊಂಡವರು ನಂಬಿದ್ದರು. ಈ ಆಟದ ಮೂರನೇ ಭಾಗ 2024ರ ಡಿಸೆಂಬರಿನಲ್ಲಿ ಬಂದದ್ದು ನೆಟ್‌ಫ್ಲಿಕ್ಸ್ ಚಂದಾದಾರರಿಗೆಂದು. ಒಂದೊಂದೇ ಪ್ರತಿ ಮಾರುವ ಮೊಬೈಲ್ ಅಂಗಡಿಯ ಮೇಲೆ ಅದರಲ್ಲಿ ಗೆದ್ದವರೇ ಭಾರ ಹಾಕಲಿಲ್ಲ.

'ಥ್ರೀಸ್' ಎಂಬ ಅಂಕಿಯಾಟದ ಗತಿ ಇನ್ನೂ ಕೆಟ್ಟದ್ದು. ಆಶರ್ ವೋಲ್ಮರ್ ಮತ್ತು ಗ್ರೆಗ್ ವೋಲ್ವೆಂಡ್ ಹದಿನಾಲ್ಕು ತಿಂಗಳು ತಿದ್ದಿ ತೀಡಿ 2014ರ ಫೆಬ್ರವರಿಯಲ್ಲಿ 1.99 ಡಾಲರಿಗೆ ತಂದರು. ತಿಂಗಳಾಗುವಷ್ಟರಲ್ಲಿ ಅದರ ನಕಲಿನ ನಕಲು '2048' ಬಂತು. ಇಟಲಿಯ ಹತ್ತೊಂಬತ್ತರ ಹುಡುಗ ವಾರಾಂತ್ಯದಲ್ಲಿ ಬರೆದು ಪುಕ್ಕಟೆ ಹಂಚಿದ್ದು. ನಮ್ಮ ಬಸ್ಸು, ಮೆಟ್ರೊಗಳಲ್ಲಿ ಜನ ಆಡಿದ್ದು ಇದನ್ನೇ. ಥ್ರೀಸ್ ಹೆಸರು ಕೇಳಿದವರೂ ಕಡಿಮೆ. 2048 ಕೀಳು ಆಟವಲ್ಲ, ಆದರೆ ಒಂದೆರಡು ದಿನದಲ್ಲಿ ಅದರ ಗುಟ್ಟು ತಿಳಿದುಬಿಡುತ್ತದೆ. ಥ್ರೀಸ್ ಹಾಗೆ ಸುಲಭಕ್ಕೆ ಬಗ್ಗುವುದಿಲ್ಲ. ಆ ವ್ಯತ್ಯಾಸ ತಿಳಿಯಬೇಕಾದರೆ ಮೊದಲು 1.99 ಡಾಲರ್ ಕೊಟ್ಟು ಒಳಗೆ ಹೋಗಬೇಕಿತ್ತು. ಬಾಗಿಲಲ್ಲಿ ವಸೂಲಿ ಮಾಡುವ ಬೆಲೆ ಒಳ್ಳೆಯದನ್ನು ಒಳ್ಳೆಯದೆಂದು ತೋರಿಸುವ ಅವಕಾಶವನ್ನೇ ಕಸಿಯುತ್ತದೆ. 2015ರಲ್ಲಿ ಥ್ರೀಸ್ ಕೂಡ ಜಾಹೀರಾತಿರುವ ಪುಕ್ಕಟೆ ಆವೃತ್ತಿ ತಂದಿತು.

ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ವಾಟ್ಸ್‌ಆ್ಯಪ್. ಇದಕ್ಕೂ ಒಂದು ಕಾಲದಲ್ಲಿ ಶುಲ್ಕವಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. 2009ರಲ್ಲಿ ಜಾನ್ ಕೂಮ್, ಬ್ರಯಾನ್ ಆ್ಯಕ್ಟನ್ ಶುರುಮಾಡಿದಾಗ, ಪ್ರತಿ ಹೊಸ ಬಳಕೆದಾರರ ನಂಬರು ಖಾತ್ರಿ ಮಾಡಲು ಎಸ್‌ಎಂಎಸ್ ಕಳಿಸುವ ಖರ್ಚು ಅವರ ಕೈಯಿಂದಲೇ ಹೋಗುತ್ತಿತ್ತು. ಜನ ಒಮ್ಮೆಲೇ ಜಾಸ್ತಿಯಾದರೆ ದಿವಾಳಿ. ಹಾಗಾಗಿ ಆಗಾಗ ಆ್ಯಪನ್ನು ಪುಕ್ಕಟೆಯಿಂದ ಬೆಲೆಗೆ ಬದಲಿಸಿ ಬೆಳವಣಿಗೆಗೆ ಬ್ರೇಕ್ ಹಾಕುತ್ತಿದ್ದರು. ಬೆಲೆ ಇಟ್ಟಾಗಲೂ ಜನ ಬರುವುದು ನಿಲ್ಲಲಿಲ್ಲ ಎಂದು ಕಂಡಮೇಲೆ ಅದನ್ನೇ ಪದ್ಧತಿ ಮಾಡಿಕೊಂಡರು: ಮೊದಲ ವರ್ಷ ಪುಕ್ಕಟೆ, ಆಮೇಲೆ ವರ್ಷಕ್ಕೆ 99 ಸೆಂಟ್. ರೂಪಾಯಿ ಲೆಕ್ಕದಲ್ಲಿ ಐವತ್ತು ಅರವತ್ತು.

ಇಲ್ಲಿ ಒಂದು ವರ್ಷದ ಬಳಕೆಯೇ ಪರೀಕ್ಷೆ. ಅಷ್ಟು ದಿನ ಬಳಸಿ ಬೇಕೆನಿಸಿದರೆ ಕೊಡಿ, ಮರುವರ್ಷ ಮತ್ತೆ ಕೇಳುತ್ತೇವೆ. ನಮ್ಮ ಜನಕ್ಕೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತಿತ್ತು. ಯುಗಾದಿಗೋ ಹೊಸ ವರ್ಷಕ್ಕೋ ಶುಭಾಶಯ ಕಳಿಸಲು ಹೋದರೆ ಅವತ್ತು ಎಸ್‌ಎಂಎಸ್ ಪ್ಯಾಕ್ ನಡೆಯುವುದಿಲ್ಲ, ಒಂದೊಂದಕ್ಕೂ ಪೂರ್ತಿ ದರ ಎಂದು ಫೋನ್ ಕಂಪನಿಗಳು ಸುಲಿಯುತ್ತಿದ್ದ ಕಾಲವದು. ವರ್ಷಕ್ಕೆ ಐವತ್ತು ರೂಪಾಯಿ ಅದರ ಮುಂದೆ ಏನೂ ಅಲ್ಲ. ಹಾಗಿದ್ದೂ ನಮ್ಮಲ್ಲಿ ಓಡಾಡಿದ್ದು ಎಂಥ ಸಂದೇಶ? ಇದನ್ನು ಇಷ್ಟು ಜನಕ್ಕೆ ಕಳಿಸಿ, ಇಲ್ಲದಿದ್ದರೆ ನಾಳೆಯಿಂದ ವಾಟ್ಸ್‌ಆ್ಯಪ್‌ಗೆ ದುಡ್ಡು ಕಟ್ಟಬೇಕಾಗುತ್ತದೆ ಎಂಬ ಸುಳ್ಳು. ಐವತ್ತು ರೂಪಾಯಿ ಉಳಿಸಲು ಕುಟುಂಬದ ಗುಂಪುಗಳೆಲ್ಲ ಆ ಸುಳ್ಳನ್ನು ಹೊತ್ತು ತಿರುಗಿದವು. ಶುಲ್ಕ ಇದ್ದದ್ದು ನಿಜ, ಆದರೆ ಅವಧಿ ಮುಗಿದರೂ ಎಷ್ಟೋ ಜನರಿಗೆ ಅದು ತಾನಾಗಿ ಮುಂದಕ್ಕೆ ಹೋಗುತ್ತಿತ್ತು.

ಆ ಶುಲ್ಕ ವಾಟ್ಸ್‌ಆ್ಯಪನ್ನು ಶಿಸ್ತಿನಲ್ಲಿ ಇಟ್ಟಿತ್ತು ಎಂಬುದು ನನ್ನ ಅಭಿಪ್ರಾಯ. ಜಾಹೀರಾತು ಬೇಡ, ಆಟ ಬೇಡ, ಗಿಮಿಕ್ ಬೇಡ ಎಂದು ಆ್ಯಕ್ಟನ್ ಬರೆದುಕೊಟ್ಟ ಚೀಟಿಯೊಂದು ಕೂಮ್ ಅವರ ಮೇಜಿನ ಮೇಲಿತ್ತು. ದುಡ್ಡು ಕೊಡುವವರು ಬಳಕೆದಾರರೇ ಆದಾಗ ಅಂಥ ಚೀಟಿ ಇಟ್ಟುಕೊಳ್ಳಬಹುದು. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರಿಗೆ ಕೊಂಡಾಗ 45 ಕೋಟಿ ಬಳಕೆದಾರರಿದ್ದ ಆ ಕಂಪನಿಯಲ್ಲಿ ಇದ್ದದ್ದು 55 ಜನ ನೌಕರರು. 2016ರ ಜನವರಿಯಲ್ಲಿ ಶುಲ್ಕ ತೆಗೆದುಹಾಕಿದರು. ಎಷ್ಟೋ ಜನರ ಹತ್ತಿರ ಡೆಬಿಟ್ ಕಾರ್ಡೋ ಕ್ರೆಡಿಟ್ ಕಾರ್ಡೋ ಇಲ್ಲ ಎಂಬುದು ಅವರು ಕೊಟ್ಟ ಕಾರಣ. ಸುಳ್ಳಲ್ಲ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್ಕಿನೊಂದಿಗೆ ಹಂಚಿಕೊಳ್ಳುವ ಹೊಸ ನೀತಿ ಬಂತು. 2017ರಲ್ಲಿ ಆ್ಯಕ್ಟನ್, 2018ರಲ್ಲಿ ಕೂಮ್ ಹೊರನಡೆದರು. ಮಾಹಿತಿ ಹಂಚಿಕೆಯ ಬಗ್ಗೆ 2021ರಲ್ಲಿ ತಂದ ಇನ್ನೊಂದು ನೀತಿಗಾಗಿ ನಮ್ಮ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮಾತೃಸಂಸ್ಥೆ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. 2025ರ ಜೂನಿನಲ್ಲಿ ಸ್ಟೇಟಸ್ ನೋಡುವ ಜಾಗಕ್ಕೆ ಜಾಹೀರಾತು ತರುವುದಾಗಿ ಸಾರಿದರು. ವರ್ಷಕ್ಕೆ ಐವತ್ತು ರೂಪಾಯಿ ಉಳಿಯಿತು ಎಂದು ಬೀಗಿದವರಿಗೆ ಬಾಕಿ ಲೆಕ್ಕ ಬಂದದ್ದು ಹೀಗೆ.

ಪುಕ್ಕಟೆಯ ಕೇಡನ್ನು ಬಹಳ ಹೇಳಬೇಕಾಗಿಲ್ಲ. ಫೋನಿನ ಬೆಳಕು ಹೊತ್ತಿಸುವುದೊಂದೇ ಕೆಲಸವಿದ್ದ ಪುಕ್ಕಟೆ ಟಾರ್ಚ್ ಆ್ಯಪೊಂದು ಕೋಟಿಗಟ್ಟಲೆ ಜನ ಎಲ್ಲಿದ್ದಾರೆ ಎಂಬ ಮಾಹಿತಿಯನ್ನು ಜಾಹೀರಾತಿನವರಿಗೆ ಕೊಡುತ್ತಿತ್ತೆಂದು 2013ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಹಿಡಿದುಹಾಕಿತು. ಟಾರ್ಚಿಗೆ ನಮ್ಮ ವಿಳಾಸ ಯಾಕೆ ಬೇಕು ಎಂದು ಆಮೇಲೆ ಎಲ್ಲರೂ ಕೇಳಿದರು.

ವಾಟ್ಸ್‌ಆ್ಯಪ್ 2016ರಲ್ಲಿ ಹೇಳಿದ ಕಾರಣ ಇವತ್ತು ನಮ್ಮ ದೇಶದಲ್ಲಿ ನಿಲ್ಲುವುದಿಲ್ಲ. ಯುಪಿಐ ಇದೆ. 2020ರಲ್ಲಿ ಬಂದ ಯುಪಿಐ ಆಟೊಪೇ ಮೂಲಕ ವರ್ಷಕ್ಕೊಮ್ಮೆ ಇಪ್ಪತ್ತು ಮೂವತ್ತು ರೂಪಾಯಿ ಕಟ್ಟುವುದು ಕಾರ್ಡಿಲ್ಲದವರಿಗೂ ಸಾಧ್ಯ. ದುರಂತವೆಂದರೆ ಈ ಸೌಕರ್ಯವನ್ನು ಮೊದಲು ಹಿಡಿದುಕೊಂಡದ್ದು ಒಂದು ರೂಪಾಯಿಯ ಗಾಳದವರು. ಏಳು ದಿನಕ್ಕೆ ಬರೀ 1 ರೂಪಾಯಿ ಎಂಬ ದೊಡ್ಡ ಅಕ್ಷರ; ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಆಮೇಲೆ ತಿಂಗಳಿಗೆ ಇಷ್ಟು. ಪಿನ್ ಒತ್ತಿದರೆ ಆಟೊಪೇ ಒಪ್ಪಿಗೆ ಮುಗಿದಂತೆ. ಎಂಟನೇ ದಿನ ನೂರೋ ಇನ್ನೂರೋ ಕಡಿತ. ನಿಲ್ಲಿಸುವ ಗುಂಡಿಯನ್ನು ಹುಡುಕುವುದೇ ಒಂದು ಸಾಹಸ. ಇಲ್ಲಿ ಸಣ್ಣ ಬೆಲೆಗೆ ಗುಣಮಟ್ಟದ ಗೋಜೂ ಇಲ್ಲ, ಡೆವಲಪರ್ ಬದುಕಿನ ಮಾತೂ ಇಲ್ಲ. ಮರೆವನ್ನೇ ಮೂಲಧನ ಮಾಡಿಕೊಂಡ ವ್ಯಾಪಾರ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೆಸರಿಸಿದ ಹದಿಮೂರು ಬಗೆಯ ವಂಚಕ ವಿನ್ಯಾಸಗಳಲ್ಲಿ ಚಂದಾ ಬಲೆಯೂ ಒಂದು. ನಿಯಮ ಬಂದಿದೆ, ಬೂದು ಅಕ್ಷರ ಇನ್ನೂ ಹೋಗಿಲ್ಲ. ಹೀಗಾಗಿ ಪ್ರಾಮಾಣಿಕವಾಗಿ ವರ್ಷಕ್ಕಿಷ್ಟು ಎಂದು ಕೇಳುವವರನ್ನೂ ಜನ ಅನುಮಾನದಿಂದ ನೋಡುವಂತಾಗಿದೆ.

ಈಗ ಕನ್ನಡದ ಮಾತು. ಸಣ್ಣ ಬೆಲೆಯ ಜಗಳ ನಮಗೆ ಮೊಬೈಲಿಗಿಂತ ಹಳೆಯದು. ಶೇಷಾದ್ರಿವಾಸು 1998ರಲ್ಲಿ ಹೊರತಂದ 'ಬರಹ' ವರ್ಷಗಟ್ಟಲೆ ಪುಕ್ಕಟೆಯಾಗಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಬಹುದು ಎಂದು ಊರೂರಿನಲ್ಲಿ, ಅಮೆರಿಕದ ಕನ್ನಡ ಕೂಟಗಳಲ್ಲಿ ತೋರಿಸಿಕೊಟ್ಟದ್ದು ಅದೇ. ಮುಂದಿನ ಆವೃತ್ತಿಗಳಿಗೆ ಅವರು ಸಣ್ಣ ಬೆಲೆ ಇಟ್ಟಾಗ ಗೊಣಗಿದವರು ಬಹಳ. ನಾನು ಕಂಡ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ದಿನವಿಡೀ ಅದರಿಂದಲೇ ಲಗ್ನಪತ್ರಿಕೆ ಅಚ್ಚಾಗುತ್ತಿದ್ದರೂ ಓಡುತ್ತಿದ್ದದ್ದು ಹಳೆಯ ಪುಕ್ಕಟೆ ಆವೃತ್ತಿ. ಪಕ್ಕದಲ್ಲಿ ಸರ್ಕಾರದ ಬೆಂಬಲವಿದ್ದ 'ನುಡಿ' ಪುಕ್ಕಟೆಗೇ ಸಿಗುತ್ತಿತ್ತು. ಈಗ ಮೊಬೈಲಿನಲ್ಲಿ ಗೂಗಲ್ಲಿನ ಕೀಲಿಮಣೆಯಲ್ಲೇ ಕನ್ನಡವಿದೆ. ಒಳ್ಳೆಯದೇ. ಆದರೆ ಕನ್ನಡ ಕೀಲಿಮಣೆ ಬರೆದು ಯಾರೂ ಇನ್ನು ಹತ್ತು ರೂಪಾಯಿ ಗಳಿಸಲಾರರು. ಅರ್ಕಾವತ್ತನ್ನೋ ಹಳಗನ್ನಡದ ಅಕ್ಷರವನ್ನೋ ಸರಿಯಾಗಿ ಮೂಡಿಸುವ ಕೀಲಿಮಣೆ ಬೇಕೆನ್ನುವವರು ಕಾಯುತ್ತಲೇ ಇರಬೇಕು.

ಬೆಲೆಯ ಗೊಡವೆಯೇ ಬೇಡವೆಂದು ಪೋಷಕರ ನೆರಳಿನಲ್ಲಿ ನಿಂತ ಕೆಲಸಗಳೂ ಇವೆ. ವಿ. ಕೃಷ್ಣ ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿದ್ದು ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಜೆರೋಧಾದ ಕೈಲಾಶ್ ನಾಧ್ ಮುತುವರ್ಜಿಯಿಂದ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಆ ಕೆಲಸವನ್ನು ಹತ್ತು ರೂಪಾಯಿಯ ಆ್ಯಪ್ ಮಾಡಿ ಮಾರಿದ್ದರೆ ಕೃಷ್ಣ ಅವರಿಗೆ ಕಾಗದದ ಖರ್ಚೂ ಹುಟ್ಟುತ್ತಿರಲಿಲ್ಲ. ಆದರೆ ಪ್ರತಿ ನಿಘಂಟಿಗೂ ಒಬ್ಬ ಪೋಷಕ ಸಿಗುವುದಿಲ್ಲ. ಇನ್ನೊಂದು ಕಡೆ 2020ರಿಂದ 'ಮೈಲ್ಯಾಂಗ್' ಆ್ಯಪ್ ಕನ್ನಡ ಇ-ಪುಸ್ತಕಗಳನ್ನು ಬಿಡಿಬಿಡಿಯಾಗಿ ಬೆಲೆಗೆ ಮಾರುತ್ತಿದೆ. ಅಲ್ಲಿ ಒಂದೇ ಸಲದ ಬೆಲೆ ಸರಿ. ಪುಸ್ತಕ ಮುಗಿದ ವಸ್ತು. ಬರೆದವರು ಪ್ರತಿ ಯುಗಾದಿಗೆ ಕೂತು ಅದರ ಮೂರನೇ ಅಧ್ಯಾಯವನ್ನು ಹೊಸ ಆಂಡ್ರಾಯ್ಡಿಗೆ ಹೊಂದಿಸಬೇಕಾಗಿಲ್ಲ.

ಯುಗಾದಿ ಎಂದಾಗ ಪಂಚಾಂಗ. ಕನ್ನಡದಲ್ಲಿ ಅತಿ ಹೆಚ್ಚು ತೆರೆದು ನೋಡುವ ಆ್ಯಪ್‌ಗಳಲ್ಲಿ ಕ್ಯಾಲೆಂಡರ್-ಪಂಚಾಂಗದ ಆ್ಯಪ್‌ಗಳು ಸೇರಿರಲೇಬೇಕು ಎಂದು ನನ್ನ ಅಂದಾಜು. ನಾನು ಬಳಸುವ ಒಂದರಲ್ಲಿ ರಾಹುಕಾಲ ನೋಡಲು ತಿಥಿಯ ಮೇಲೆ ಒತ್ತಿದರೆ ಪರದೆ ತುಂಬ ರಮ್ಮಿ ಆಟದ ಜಾಹೀರಾತು ಬರುತ್ತಿತ್ತು. ಮೂಲೆಯ ಇಂಟು ಗುರುತು ಎಳ್ಳಿನಷ್ಟು ಚಿಕ್ಕದು. ಬೆರಳು ತುಸು ಜಾರಿದರೆ ಸೀದಾ ಆ ಆಟದ ಪುಟ. ಮಾಡಿದವರನ್ನು ಬೈಯಲು ಮನಸ್ಸು ಬರುವುದಿಲ್ಲ, ಅವರಿಗೆ ಬೇರೆ ಆದಾಯವಿಲ್ಲ. ಕನ್ನಡ ಓದುಗರಿಗೆ ತೋರಿಸುವ ಜಾಹೀರಾತಿಗೆ ಸಿಗುವ ದರವೂ ಅಷ್ಟಕ್ಕಷ್ಟೆ, ಅದಕ್ಕೇ ಸಂಖ್ಯೆಯಲ್ಲಿ ಹೆಚ್ಚು ತುರುಕುತ್ತಾರೆ. ಇಂಥ ಆ್ಯಪ್ ಬಳಸುವ ಮನೆಯವರೇ ಪ್ರತಿ ವರ್ಷ ಯುಗಾದಿಗೆ ಮೊದಲು ಒಂಟಿಕೊಪ್ಪಲ್ ಪಂಚಾಂಗವನ್ನು ಅಂಗಡಿಯಿಂದ ದುಡ್ಡು ಕೊಟ್ಟು ತರುತ್ತಾರೆ. ಹೋದ ವರ್ಷ ಕೊಂಡಿದ್ದೇನೆ, ಈ ವರ್ಷದ್ದನ್ನು ಪುಕ್ಕಟೆ ಕೊಡಿ ಎಂದು ಯಾರೂ ಕೇಳಿದ್ದಿಲ್ಲ. ವರ್ಷವರ್ಷ ಹೊಸದಾಗಿ ಗಣಿಸಬೇಕಾದ ವಸ್ತುವಿಗೆ ವರ್ಷವರ್ಷ ಸಣ್ಣ ಬೆಲೆ ಕೊಡುವ ಅಭ್ಯಾಸ ನಮ್ಮಲ್ಲಿ ಹಿಂದಿನಿಂದಲೇ ಇದೆ. ಆ್ಯಪ್ ಮಾಡಿದವರು ಅದನ್ನು ಗಮನಿಸಿದಂತಿಲ್ಲ. ಅವರ ಆ್ಯಪ್‌ನ ಮೂಲೆಯಲ್ಲಿರುವ ಗುಂಡಿ ಕೇಳುವುದು ಇಷ್ಟೇ: ಒಮ್ಮೆ 99 ರೂಪಾಯಿ ಕೊಡಿ, ಜಾಹೀರಾತನ್ನು ಶಾಶ್ವತವಾಗಿ ತೆಗೆಯುತ್ತೇವೆ.